ಒಡೆದ ಕಿಟಕಿ, ಮುಗಿದ ವೀಸಾ

2005ರ ಕೊನೆಯ ರಾತ್ರಿ. ಲಂಡನ್ನಿನಲ್ಲಿ ಬನಾಜ಼್ ಮಹಮೂದ್ ಎಂಬ ಇಪ್ಪತ್ತು ವರ್ಷದ ಹುಡುಗಿ ಕಿಟಕಿಯ ಗಾಜನ್ನು ಬರಿಗೈಯಲ್ಲಿ ಒಡೆದು, ಕೊಲ್ಲಲು ಬಂದ ಅಪ್ಪನಿಂದ ತಪ್ಪಿಸಿಕೊಂಡು ಓಡಿದಳು. ಇರಾಕಿನಿಂದ ವಲಸೆ ಬಂದ ಕುರ್ದ್ ಕುಟುಂಬದವಳು. ಹದಿನೇಳಕ್ಕೇ ಮದುವೆ ಮಾಡಿದ್ದರು. ಗಂಡನ ಹೊಡೆತ ತಾಳದೆ ಬಿಟ್ಟು ಬಂದದ್ದು, ಆಮೇಲೆ ಇನ್ನೊಬ್ಬನನ್ನು ಇಷ್ಟಪಟ್ಟದ್ದು ಮನೆಯವರಿಗೆ ಮರ್ಯಾದೆಯ ಪ್ರಶ್ನೆಯಾಗಿತ್ತು. ತನ್ನನ್ನು ಕೊಲ್ಲಲು ಹೊರಟವರ ಹೆಸರುಗಳನ್ನು ಅವಳು ಪೊಲೀಸರಿಗೆ ಮೊದಲೇ ಬರೆದುಕೊಟ್ಟಿದ್ದಳು. ಆ ರಾತ್ರಿ ಅವಳ ಮಾತು ಕೇಳಿಸಿಕೊಂಡ ಅಧಿಕಾರಿಗೆ ಅದೆಲ್ಲ ನಾಟಕವೆನ್ನಿಸಿತು. ಕಿಟಕಿ ಒಡೆದದ್ದಕ್ಕೆ ಅವಳ ಮೇಲೇ ಕೇಸು ಹಾಕಬೇಕೇ ಎಂಬ ಯೋಚನೆಯೂ ಬಂತು. ತಿಂಗಳು ತುಂಬುವುದರೊಳಗೆ ಬನಾಜ಼್ ಕೊಲೆಯಾದಳು.

ರಕ್ತ ಸುರಿಯುವ ಕೈ ಬಿಟ್ಟು ಒಡೆದ ಗಾಜನ್ನು ನೋಡಿದ್ದು ಆ ಒಬ್ಬ ಅಧಿಕಾರಿಯ ತಪ್ಪು ಎಂದು ಕೆಲವರು ಹೇಳಬಹುದು. ನಾನು ಒಪ್ಪುವುದಿಲ್ಲ. ಅದೇ ನೋಟ ಬ್ರಿಟನ್ನಿನ ಪೊಲೀಸರಲ್ಲಿ ಪದ್ಧತಿಯಾಗಿ ಉಳಿದಿದೆ. ಗಾಜಿನ ಜಾಗಕ್ಕೆ ವೀಸಾ ಬಂದಿದೆ, ಅಷ್ಟೇ. ಗಂಡ ಹೊಡೆದನೆಂದು ವಲಸಿಗ ಹೆಂಗಸು ಠಾಣೆಗೆ ಹೋದಾಗ ಅವಳ ವೀಸಾ ಅವಧಿ ಮುಗಿದದ್ದೋ, ಕಾಗದಪತ್ರ ಸರಿ ಇಲ್ಲದ್ದೋ ಗೊತ್ತಾದರೆ ಪೊಲೀಸರು ಆ ವಿವರವನ್ನು ಗೃಹ ಇಲಾಖೆಯ ವಲಸೆ ವಿಭಾಗಕ್ಕೆ ದಾಟಿಸುತ್ತಾರೆ. ಪೊಲೀಸ್ ಮುಖ್ಯಸ್ಥರ ಮಂಡಳಿ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ಅವಳನ್ನು ಮೊದಲು ಸಂತ್ರಸ್ತೆಯಾಗಿ ಕಾಣಬೇಕು ಎಂದಿತು. ಆದರೆ ಮಾಹಿತಿ ದಾಟಿಸುವ ಬಾಗಿಲನ್ನು ಮುಚ್ಚಲಿಲ್ಲ.

ಆ ವರ್ಷವೇ ಬ್ರಿಟನ್ನಿನಲ್ಲಿ 'ಸೂಪರ್ ಕಂಪ್ಲೇಂಟ್' ಎಂಬ ವ್ಯವಸ್ಥೆ ಜಾರಿಗೆ ಬಂತು. ಒಂದು ಪ್ರಕರಣದ ಮೇಲಲ್ಲ, ಪೊಲೀಸರ ಇಡೀ ನಡವಳಿಕೆಯ ಮೇಲೇ ಸಂಘಟನೆಗಳು ದೂರು ಕೊಡಬಹುದು. ಮೊಟ್ಟಮೊದಲ ದೂರು ಇದೇ ವಿಷಯದ್ದು. ಕೊಟ್ಟವರು ನಾಗರಿಕ ಹಕ್ಕುಗಳ ಸಂಘಟನೆ 'ಲಿಬರ್ಟಿ' ಮತ್ತು 1979ರಿಂದ ಏಷ್ಯಾ, ಆಫ್ರಿಕಾ ಮೂಲದ ಹೆಂಗಸರ ಪರ ನಿಂತಿರುವ 'ಸೌಥಾಲ್ ಬ್ಲ್ಯಾಕ್ ಸಿಸ್ಟರ್ಸ್'. ಮೂರು ಮೇಲ್ವಿಚಾರಣಾ ಸಂಸ್ಥೆಗಳು ಸೇರಿ ತನಿಖೆ ಮಾಡಿ 2020ರ ಡಿಸೆಂಬರಿನಲ್ಲಿ ವರದಿ ಕೊಟ್ಟವು. ಹೆಸರು 'ಸೇಫ್ ಟು ಶೇರ್?'

ವರದಿಯ ಮೊದಲ ಅರ್ಧ ನಿರ್ಭೀತವಾಗಿದೆ. ಮಾಹಿತಿ ಹಂಚಿಕೊಳ್ಳುವುದು ಸಂತ್ರಸ್ತೆಯ ರಕ್ಷಣೆಗಾಗಿಯೇ ಎಂಬ ವಾದಕ್ಕೆ ಪುರಾವೆ ಸಿಗಲಿಲ್ಲ ಎಂದು ಅದು ಬಾಯಿಬಿಟ್ಟು ಹೇಳುತ್ತದೆ. ಈ ಭಯದಿಂದ ಹೆಂಗಸರು ದೂರು ಕೊಡುತ್ತಿಲ್ಲ, ಅಪರಾಧಿಗಳು ನಿಶ್ಚಿಂತೆಯಿಂದಿದ್ದಾರೆ, ಇದರಿಂದ ಸಾರ್ವಜನಿಕ ಹಿತಕ್ಕೇ ಧಕ್ಕೆ ಎನ್ನುತ್ತದೆ. ವಲಸೆ ಸ್ಥಿತಿಯೊಂದೇ ತಕರಾರಾಗಿರುವಾಗ ಹೆಸರು ದಾಟಿಸುವುದನ್ನು ತಕ್ಷಣ ನಿಲ್ಲಿಸಿ ಎಂದೂ ಶಿಫಾರಸು ಮಾಡುತ್ತದೆ. ಇಷ್ಟು ಹೇಳಿದವರು ಮುಂದಿನ ಹೆಜ್ಜೆಯಲ್ಲಿ ಹಿಂಜರಿದರು. ಶಾಶ್ವತ ಪರಿಹಾರ ಏನಿರಬೇಕೆಂದು ಪರಿಶೀಲಿಸುವ ಕೆಲಸವನ್ನು ಗೃಹ ಇಲಾಖೆಗೇ ಒಪ್ಪಿಸಿದರು! ಹೆಂಗಸರು ಹೆದರುತ್ತಿರುವುದೇ ಆ ಇಲಾಖೆಗೆ. ಒಂದು ವರ್ಷದ ನಂತರ ಇಲಾಖೆಯ ಉತ್ತರ ಬಂತು: ಮಾಹಿತಿ ದಾಟದಂತೆ ಪೊಲೀಸರಿಗೂ ವಲಸೆ ವಿಭಾಗಕ್ಕೂ ನಡುವೆ ತಡೆಗೋಡೆ ಸಾಧ್ಯವಿಲ್ಲ. ಅದಕ್ಕೂ ಮೊದಲೇ, 2021ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಚರ್ಚೆಯಲ್ಲಿ ಮೇಲ್ಮನೆ ಸೇರಿಸಿದ್ದ ಅಂಥದೇ ತಡೆಗೋಡೆಯ ತಿದ್ದುಪಡಿಯನ್ನು ಕೆಳಮನೆ ತಳ್ಳಿಹಾಕಿತ್ತು.

ತಡೆಗೋಡೆ ಕಟ್ಟಿದರೆ ವಲಸೆ ಕಾನೂನಿಗೆ ಬೆಲೆ ಇರುವುದಿಲ್ಲ ಎಂಬ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುತ್ತಿಲ್ಲ. ಆದರೆ ನೆದರ್ಲೆಂಡ್ಸ್ ನೋಡಿ. ದಾಖಲೆ ಇಲ್ಲದ ವ್ಯಕ್ತಿಯೂ ಅಲ್ಲಿ ಠಾಣೆಗೆ ಬಂದು ದೂರು ಕೊಟ್ಟು, ಬಂಧನದ ಭಯವಿಲ್ಲದೆ ಹೊರಗೆ ನಡೆದುಹೋಗಬಹುದು. ವಲಸೆ ಕಾನೂನೂ ಇದೆ, ದೂರೂ ದಾಖಲಾಗುತ್ತದೆ. ಬ್ರಿಟನ್ 2022ರಲ್ಲಿ ಹೆಂಗಸರ ಮೇಲಿನ ದೌರ್ಜನ್ಯ ತಡೆಯುವ ಇಸ್ತಾಂಬುಲ್ ಒಡಂಬಡಿಕೆಯನ್ನು ಅನುಮೋದಿಸಿತು; ಆದರೆ ವಲಸಿಗ ಸಂತ್ರಸ್ತೆಯರ ವಾಸದ ಹಕ್ಕಿನ 59ನೇ ವಿಧಿಯನ್ನು ಹೊರಗಿಟ್ಟಿತು. 2023ರಲ್ಲಿ ಅಲ್ಲಿನ ಕೌಟುಂಬಿಕ ದೌರ್ಜನ್ಯ ಆಯುಕ್ತೆ ನಿಕೋಲ್ ಜೇಕಬ್ಸ್ ಮಾಹಿತಿ ಕೇಳಿ ತರಿಸಿದಾಗ, ಇಂಗ್ಲೆಂಡ್ ಮತ್ತು ವೇಲ್ಸಿನ ಎಲ್ಲ 43 ಪೊಲೀಸ್ ಪಡೆಗಳೂ ಹಿಂದಿನ ಮೂರು ವರ್ಷಗಳಲ್ಲಿ ಸಂತ್ರಸ್ತರ ವಿವರ ದಾಟಿಸಿದ್ದು ಗೊತ್ತಾಯಿತು. ತಕ್ಷಣ ನಿಲ್ಲಿಸಿ ಎಂಬ ಶಿಫಾರಸಿಗೆ ಸಿಕ್ಕ ಬೆಲೆ ಇದು.

ಇದೆಲ್ಲದರ ಲಾಭ ಯಾರಿಗೆ? ಮನೆಯೊಳಗೆ ಕೈ ಎತ್ತುವವನಿಗೆ. "ಪೊಲೀಸರಿಗೆ ಹೇಳ್ತೀಯಾ? ಹೇಳು. ಮೊದಲು ನಿನ್ನನ್ನೇ ವಿಮಾನ ಹತ್ತಿಸ್ತಾರೆ" ಎಂಬ ಬೆದರಿಕೆಗೆ ಸರಕಾರವೇ ಬಲ ಕೊಟ್ಟಂತಾಗಿದೆ. ಅವಳ ವೀಸಾಕ್ಕೆ ಏನೂ ಆಗಿರದಿದ್ದರೂ ಈ ಮಾತು ಕೆಲಸ ಮಾಡುತ್ತದೆ, ಏಕೆಂದರೆ ವೀಸಾ ವಿಷಯ ಅವಳಿಗೆ ಗೊತ್ತಿರುವುದು ಅವನು ಹೇಳಿದಷ್ಟೇ.

ಇದು ನಮ್ಮ ಮನೆಗಳಿಗೂ ದೂರದ ಸಂಗತಿಯಲ್ಲ. ಬೆಂಗಳೂರಿನಿಂದ ಐಟಿ ಕೆಲಸದ ಗಂಡನ ಜೊತೆ ಡಿಪೆಂಡೆಂಟ್ ವೀಸಾದಲ್ಲಿ ಹೋಗುವ ಹುಡುಗಿಯರ ಸ್ಥಿತಿ ಇನ್ನೂ ನಾಜೂಕು. ಗಂಡ ಬ್ರಿಟಿಷ್ ಪ್ರಜೆಯಾಗಿದ್ದರೆ, ದೌರ್ಜನ್ಯದಿಂದ ಸಂಬಂಧ ಮುರಿದಾಗ ಹೆಂಡತಿ ಸ್ವಂತವಾಗಿ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಗಂಡ ಕೆಲಸದ ವೀಸಾದಲ್ಲಿದ್ದರೆ ಆ ದಾರಿ ಇಲ್ಲ. 2024ರಿಂದ ಮೂರು ತಿಂಗಳ ರಿಯಾಯಿತಿ ಮಾತ್ರ ಇದೆ.

ಅಲ್ಲಿಗೆ ಮಗಳನ್ನು ಕಳಿಸುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಬ್ರಿಟನ್ನಿನ ವೀಸಾ ಈಗ ಕಾರ್ಡಿನಲ್ಲಿಲ್ಲ, ಆನ್‌ಲೈನ್ ಖಾತೆಯಲ್ಲಿದೆ. ಒಳಗೆ ಹೋಗುವ ಕೋಡು ಬರುವುದು ಖಾತೆಗೆ ಕೊಟ್ಟ ಇಮೇಲ್‌ಗೆ ಅಥವಾ ಫೋನಿಗೆ. ಅವೆರಡೂ ಅವಳದೇ ಆಗಿರಲಿ, ಅಳಿಯನದಲ್ಲ. ಪಾಸ್‌ಪೋರ್ಟಿನ ಒಂದು ಪ್ರತಿ ನಿಮ್ಮ ಬೀರುವಿನಲ್ಲಿರಲಿ. ಪ್ರಾಣಕ್ಕೆ ಅಪಾಯವಾದಾಗ ಏನೂ ಯೋಚಿಸದೆ 999ಕ್ಕೆ ಕರೆ ಮಾಡಬೇಕು. ಮೊಬೈಲಿನಲ್ಲಿ ಮಾತಾಡಲು ಆಗದಿದ್ದರೆ 55 ಒತ್ತಬೇಕು. ಉಸಿರಾಡಲು ಸಮಯ ಇದ್ದರೆ, ಠಾಣೆಗೆ ಹೋಗುವ ಮೊದಲು ಸೌಥಾಲ್ ಬ್ಲ್ಯಾಕ್ ಸಿಸ್ಟರ್ಸ್‌ನಂಥ ಸಂಸ್ಥೆಗೆ ಫೋನ್ ಮಾಡಿ, ತನ್ನ ಹಕ್ಕು ಏನೆಂದು ಅವರ ಬಾಯಿಂದ ಕೇಳಿಕೊಳ್ಳಲಿ.