ಹೊರಟೆ ಎಂದವನ ಹದಿನಾಲ್ಕು ಸಾಲು

ಇಂಗ್ಲಿಷ್ ಕವಿ ಮೈಕೆಲ್ ಡ್ರೇಟನ್ನನ ವಿದಾಯದ ಸುನೀತ ಲೆಕ್ಕ ಚುಕ್ತಾ ಮಾಡುವವನ ದನಿಯಲ್ಲಿ ಶುರುವಾಗುತ್ತದೆ. ಇಲ್ಲಿಗೆ ಸಾಕು, ಕೈ ಕುಲುಕಿ, ಕೊಟ್ಟ ಭಾಷೆಗಳನ್ನೆಲ್ಲ ರದ್ದು ಮಾಡೋಣ, ಮುಂದೆ ಎಲ್ಲಾದರೂ ಎದುರಾದರೆ ಹಳೆಯ ಒಲವಿನ ಸುಳಿವೂ ಮುಖದ ಮೇಲೆ ಕಾಣಬಾರದು ಎನ್ನುವ ಧಾಟಿ. ಮೊದಲ ಎಂಟು ಸಾಲುಗಳ ಪದಗಳು ಬಹುಪಾಲು ಒಂದೇ ಉಚ್ಚಾರಾಂಶದವು. ಚಿಲಕ ಬಿದ್ದ ಹಾಗೆ ಒಂದೊಂದೂ ಟಕ್ಕೆಂದು ಬೀಳುತ್ತದೆ. ಆದರೆ ತನಗೆ ಸಂತೋಷವೇ ಆಗಿದೆ ಎಂಬುದನ್ನು ಮಾತ್ರ ಪುಣ್ಯಾತ್ಮ ಒಂದೇ ಉಸಿರಿನಲ್ಲಿ ಎರಡು ಸಲ ಹೇಳುತ್ತಾನೆ. ಅನುಮಾನ ಹುಟ್ಟುವುದು ಅಲ್ಲೇ.

ಒಂಬತ್ತನೆಯ ಸಾಲಿಗೆ ಪದ್ಯದ ಉಸಿರಾಟವೇ ಬದಲಾಗುತ್ತದೆ. ತುಂಡು ಮಾತು ನಿಂತು, ಉಳಿದ ಆರೂ ಸಾಲು ಒಂದೇ ವಾಕ್ಯವಾಗಿ ಎಳೆಯುತ್ತ ಸಾಗುತ್ತವೆ. ‘ನಾನು’, ‘ನಾವು’ ಎರಡೂ ಮಾಯ. ಪ್ರೇಮ ಕೊನೆಯುಸಿರೆಳೆಯುತ್ತಿದ್ದಾನೆ, ನಾಡಿ ಕುಂದಿದೆ. ಮೋಹಕ್ಕೆ ಮಾತು ಬಿದ್ದುಹೋಗಿದೆ, ನಂಬಿಕೆ ಮಂಚದ ಬಳಿ ಮಂಡಿಯೂರಿದೆ, ಮುಗ್ಧತೆ ಅವನ ಕಣ್ಣು ಮುಚ್ಚುತ್ತಿದೆ. ಗುಣಗಳಿಗೆ ವೇಷ ಕಟ್ಟಿ ನಿಲ್ಲಿಸುವುದು ಆ ಕಾಲದ ಸವೆದ ಸರಕು. ಬೇರೆಡೆಯಾದರೆ ನನಗೆ ಆಕಳಿಕೆ ಬರುತ್ತಿತ್ತು. ಇಲ್ಲಿ ಮೆಚ್ಚುತ್ತೇನೆ. ನೋವು ತನ್ನದೆಂದು ಒಪ್ಪಲು ಬಿಗುಮಾನ ಬಿಡದವನು ಇನ್ನೊಬ್ಬನ ಮರಣಶಯ್ಯೆಯ ನೆಪದಲ್ಲಿ ಅಳುತ್ತಿದ್ದಾನೆ.

ಆಮೇಲೆ ಕೊನೆಯ ಜೋಡಿಸಾಲು: ಎಲ್ಲರೂ ಕೈಬಿಟ್ಟ ಮೇಲೂ ನಲ್ಲೆ ಮನಸ್ಸು ಮಾಡಿದರೆ ರೋಗಿ ಬದುಕಿಯಾನು. ಅಲ್ಲಿಯವರೆಗೆ ಹತ್ತಕ್ಕೆ ನಿಲ್ಲುತ್ತಿದ್ದ ಸಾಲು ಇಲ್ಲಿ ಹನ್ನೊಂದನೆಯ ಉಚ್ಚಾರಾಂಶಕ್ಕೆ ಜಾರಿ, ಪ್ರಾಸ ಮೆತ್ತಗಾಗುತ್ತದೆ. ಆರಂಭದಲ್ಲಿ ‘ನೀವು’ ಎಂದು ದೂರವಿಟ್ಟವನು ಈಗ ‘ನೀನು’ ಅನ್ನುತ್ತಾನೆ. ಕನ್ನಡದ ಕಿವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಭರತನ ನಾಟ್ಯಶಾಸ್ತ್ರ ಕರುಣಕ್ಕೂ ಅಗಲಿಕೆಯ ಶೃಂಗಾರವಾದ ವಿಪ್ರಲಂಭಕ್ಕೂ ನಡುವೆ ಎಳೆದ ಗೆರೆ ಇಲ್ಲಿ ನೆನಪಾಗುತ್ತದೆ. ಮತ್ತೆ ಸೇರುವ ಆಸೆ ಸತ್ತರೆ ಕರುಣ, ಉಳಿದಿದ್ದರೆ ವಿಪ್ರಲಂಭ. ಹನ್ನೆರಡು ಸಾಲು ಕರುಣಕ್ಕೆ ಸಜ್ಜಾದ ಪದ್ಯ ಎರಡೇ ಸಾಲಿನಲ್ಲಿ ಶೃಂಗಾರಕ್ಕೆ ಮರಳಿಬಿಡುತ್ತದೆ.

‘ಐಡಿಯಾ’ ಎಂಬ ಹೆಸರಿಟ್ಟ ನಲ್ಲೆಯ ಮೇಲೆ ಡ್ರೇಟನ್ ಮೊದಲ ಸುನೀತಮಾಲೆ ಅಚ್ಚು ಹಾಕಿಸಿದ್ದು 1594ರಲ್ಲಿ. ಅದನ್ನೇ ತಿದ್ದುತ್ತ, ಕೆಲವನ್ನು ಕಿತ್ತುಹಾಕುತ್ತ, ಹೊಸವನ್ನು ಸೇರಿಸುತ್ತ ಬಂದವನು ಈ ಪದ್ಯವನ್ನು ಹೊರತಂದದ್ದು 1619ರಲ್ಲಿ, ಐವತ್ತೈದು ದಾಟಿದ ಮೇಲೆ. ಇಪ್ಪತ್ತೈದು ವರ್ಷ ಅವಳ ಹೆಸರನ್ನೇ ಬರೆಯುತ್ತ ಕೂತವನು ‘ಮುಗಿಯಿತು’ ಎಂದರೆ ಅವಳಾದರೂ ಹೇಗೆ ನಂಬಿಯಾಳು?