ಗ್ರೀಕ್ ಯೋಗರ್ಟ್‌ಗೆ ಶೇಂಗಾ ಚಟ್ನಿಪುಡಿ

ಗ್ರೀಕ್ ಯೋಗರ್ಟ್ ನಾಲಿಗೆಗೆ ರೂಢಿಯಾಗೋಕೆ ಟೈಮ್ ಬೇಕು ಅಂತಾರೆ ಜಿಮ್ ಗೆಳೆಯರು. ಅದರಲ್ಲಿ ಅಂಥ ಹೊಸದೇನಿದೆ ಅನ್ನೋದು ನನ್ನ ತಕರಾರು. ಮೊಸರನ್ನು ಬಟ್ಟೇಲಿ ಕಟ್ಟಿ ನೀರು ಬಸಿದರೆ ಗ್ರೀಕ್ ಯೋಗರ್ಟ್. ಅದೇ ಗಂಟು ಇನ್ನಷ್ಟು ಹೊತ್ತು ತೂಗಿದರೆ ಶ್ರೀಖಂಡದ ಚಕ್ಕಾ. ಮಾಮೂಲಿ ಮೊಸರಿನ 100 ಗ್ರಾಮಿನಲ್ಲಿ ಪ್ರೋಟೀನ್ 3-4 ಗ್ರಾಂ, ಚೆನ್ನಾಗಿ ಬಸಿದದ್ದರಲ್ಲಿ 9-10ರ ಆಸುಪಾಸು. ಲಾಭ ನಿಜ, ಒಪ್ಪೋಣ.

ರುಚಿ? ಹುಬ್ಬಳ್ಳಿ–ವಿಜಯಪುರ ರಸ್ತೇಲಿ ಬರೋರು ಕುಳಗೇರಿ ಕ್ರಾಸಲ್ಲಿ ಬಾದಾಮಿ ಕಡೆ ಹೊರಳ್ತಾರೆ. ಮುಂದೆ ಬನಶಂಕರಿ ಗುಡಿ ಹತ್ರ ಬುಟ್ಟಿ ಹೊತ್ತ ಹೆಣ್ಮಕ್ಕಳು ಖಡಕ್ ರೊಟ್ಟಿ ಜೊತೆ ಪುಟ್ಟ ಮಣ್ಣಿನ ಗಡಿಗೇಲಿ ಮೊಸರು ಮಾರ್ತಾರೆ. ಮಣ್ಣು ನೀರು ಹೀರುತ್ತೆ, ಹೊರಮೈಯಲ್ಲಿ ಅದು ಆರುತ್ತೆ, ಒಳಗಿನ ಮೊಸರು ಗಟ್ಟಿಯೂ ಆಗುತ್ತೆ, ತಂಪೂ ಆಗುತ್ತೆ. ಬಟ್ಟೆಯ ಕೆಲಸವನ್ನ ಗಡಿಗೆಯೇ ಮಾಡುತ್ತೆ, ಕೆನೆ ಮಾತ್ರ ಬಿಟ್ಟುಕೊಡಲ್ಲ. ಕೊಬ್ಬು ತೆಗೆದ ಡಬ್ಬಿ ಯೋಗರ್ಟ್ ಸುಣ್ಣ ನೆಕ್ಕಿದಂಗಿರುತ್ತೆ. ಅದನ್ನ ಮುಚ್ಚೋಕೆ ಬ್ಲೂಬೆರಿ, ಸಕ್ಕರೆ. ಪ್ರೋಟೀನಿಗೆ ಅಂತ ಕೊಂಡು ಸಕ್ಕರೆ ತಿಂದಂಗಾಯ್ತು!

ಇನ್ನು ಹೆಸರು. ಗ್ರೀಸ್‌ನಲ್ಲಿ ಮಾಡದ ಮೊಸರನ್ನ 'ಗ್ರೀಕ್ ಯೋಗರ್ಟ್' ಅಂತ ಮಾರೋ ಹಾಗಿಲ್ಲ ಅಂತ 2014ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಅಮೆರಿಕದ ಚೊಬಾನಿ ಕಂಪನಿಗೆ ಹೇಳಿತು. ಅವರ ಊರಿನ ಹೆಸರಿಗೆ ಕೋರ್ಟು ನಿಂತಿತು. ಗಡಿಗೆ ಹೋಗಿ ಪ್ಲಾಸ್ಟಿಕ್ ಲೋಟ ಬಂದರೂ ನಮ್ಮಲ್ಲಿ ಯಾರು ಕೇಳ್ತೀವಿ?

ಡಬ್ಬಿ ತಂದಾಗಿದೆಯಾ, ಜೇನು ಬಿಡಿ. ಚಿಟಿಕೆ ಉಪ್ಪು, ಶೇಂಗಾ ಚಟ್ನಿಪುಡಿ, ಹಸಿ ಉಳ್ಳಾಗಡ್ಡಿ ಹಾಕಿ ನೋಡಿ. ಬಾದಾಮಿಗೆ ಹೋದಾಗ ಗಡಿಗೇದೇ ಕೇಳಿ ತಗೊಳ್ಳಿ. ಚೌಕಾಸಿ ಮಾಡಬೇಡಿ.