ದೋಷಾಭಾವಕ್ಕೆ ಪ್ರಮಾಣ: ತಂತ್ರಾಂಶ ಪರೀಕ್ಷಾಕ್ರಮಗಳ ವಿಮರ್ಶೆ

ಇರುವುದನ್ನು ಅರಿಯುವುದಕ್ಕಿಂತ ಇಲ್ಲದಿರುವುದನ್ನು ಅರಿಯುವುದು ಕಷ್ಟವೆಂಬುದನ್ನು ಭಾರತೀಯ ದಾರ್ಶನಿಕರು ಬಹುಕಾಲದ ಹಿಂದೆಯೇ ಕಂಡುಕೊಂಡಿದ್ದರು. ಕುಮಾರಿಲಭಟ್ಟನ ಮತದ ಮೀಮಾಂಸಕರೂ ಅದ್ವೈತಿಗಳೂ ಅಭಾವಜ್ಞಾನಕ್ಕಾಗಿ ಅನುಪಲಬ್ಧಿಯೆಂಬ ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿದರು. ಬೆಳಕಿರುವ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲವೆಂದು ತಿಳಿಯುತ್ತದೆ. ಕತ್ತಲೆಯಲ್ಲಿ ಕಾಣದಿದ್ದ ಮಾತ್ರಕ್ಕೆ ಇಲ್ಲವೆನ್ನಲಾಗದು. ಇದ್ದಿದ್ದರೆ ಕಾಣಲೇಬೇಕಾಗಿದ್ದುದು ಕಾಣದೆಹೋದಾಗ ಮಾತ್ರ ಅದರ ಅಭಾವವು ಸಿದ್ಧಿಸುತ್ತದೆ. ಇದಕ್ಕೆ ಯೋಗ್ಯಾನುಪಲಬ್ಧಿಯೆಂದು ಹೆಸರು. ಗಣಕಯಂತ್ರದ ತಂತ್ರಾಂಶದಲ್ಲಿ ಭದ್ರತಾದೋಷಗಳನ್ನು ಹುಡುಕುವ ಕ್ರಮಗಳ ಬೆಲೆಯನ್ನು ನಿರ್ಣಯಿಸುವುದಕ್ಕೆ ಇದಕ್ಕಿಂತ ತಕ್ಕ ಒರೆಗಲ್ಲು ದೊರೆಯುವುದು ಅಪೂರ್ವ.

ನಿದರ್ಶನಕ್ಕೆ ಹಾರ್ಟ್‌ಬ್ಲೀಡ್ ಎಂದು ಪ್ರಸಿದ್ಧವಾದ ದೋಷವನ್ನು ತೆಗೆದುಕೊಳ್ಳಬಹುದು. ಓಪನ್‌ಎಸ್‌ಎಸ್‌ಎಲ್ ಎಂಬುದು ಜಾಲತಾಣಗಳಿಗೂ ಅವುಗಳನ್ನು ಬಳಸುವವರಿಗೂ ನಡುವೆ ಸಂದೇಶಗಳು ಗುಪ್ತವಾಗಿ ಸಾಗುವಂತೆ ಮಾಡುವ ತಂತ್ರಾಂಶ. ೨೦೧೨ರ ಮಾರ್ಚ್ ತಿಂಗಳಲ್ಲಿ ಹೊರಬಂದ ಅದರ ೧.೦.೧ನೆಯ ಆವೃತ್ತಿಯಲ್ಲಿ, ಸಂಪರ್ಕವು ಇನ್ನೂ ಜೀವಂತವಾಗಿದೆಯೇ ಎಂದು ವಿಚಾರಿಸುವ ಏರ್ಪಾಡೊಂದು ಸೇರಿತ್ತು. ವಿಚಾರಿಸುವವನು ಒಂದು ಮಾತನ್ನೂ ಅದರ ಉದ್ದವನ್ನೂ ಕಳುಹಿಸುವನು. ಎದುರಿನ ಯಂತ್ರವು ಅದೇ ಮಾತನ್ನು ಹಿಂದಕ್ಕೆ ಒಪ್ಪಿಸುವುದು. ಹೇಳಿದ ಉದ್ದಕ್ಕೂ ಬಂದ ಮಾತಿಗೂ ತಾಳೆಯಾಗುವುದೇ ಎಂದು ನೋಡುವ ಒಂದು ಷರತ್ತು ಮಾತ್ರ ಬಿಟ್ಟುಹೋಗಿತ್ತು. ನಾಲ್ಕಕ್ಷರವನ್ನು ಕಳುಹಿಸಿ ಅರವತ್ತು ಸಾವಿರವೆಂದು ಹೇಳಿದರೆ, ಕೊರತೆಯನ್ನು ಯಂತ್ರವು ತನ್ನ ಸ್ಮೃತಿಕೋಶದಲ್ಲಿ ಪಕ್ಕದಲ್ಲಿದ್ದುದರಿಂದ ತುಂಬಿ ಕೊಡುತ್ತಿತ್ತು. ಹೀಗೆ ಒಂದು ಸಲಕ್ಕೆ ೬೪ ಕಿಲೋಬೈಟುಗಳವರೆಗೆ ಸೋರಬಹುದಾಗಿತ್ತು. ಪರರ ಗುಪ್ತಪದಗಳೂ ಜಾಲತಾಣದ ರಹಸ್ಯಕೀಲಿಯೂ ಅದರಲ್ಲಿರಬಹುದಾಗಿತ್ತು. ಗೂಗಲ್ ಸಂಸ್ಥೆಯ ನೀಲ್ ಮೆಹ್ತಾ ಅವರೂ ಫಿನ್ಲೆಂಡಿನ ಕೋಡೆನೊಮಿಕಾನ್ ಸಂಸ್ಥೆಯವರೂ ಬೇರೆಬೇರೆಯಾಗಿ ಕಂಡುಹಿಡಿದ ಈ ದೋಷವು ೨೦೧೪ರ ಏಪ್ರಿಲ್ ೭ರಂದು ಪ್ರಕಟವಾಯಿತು. ಆ ತಿಂಗಳಲ್ಲಿಯೇ ಕೆನಡಾ ದೇಶದ ಕಂದಾಯ ಇಲಾಖೆಯಿಂದ ಸುಮಾರು ೯೦೦ ಮಂದಿಯ ಸಾಮಾಜಿಕ ವಿಮಾ ಸಂಖ್ಯೆಗಳು ಇದೇ ದಾರಿಯಲ್ಲಿ ಅಪಹೃತವಾದುವು. ಎರಡು ವರ್ಷಗಳಿಗೂ ಹೆಚ್ಚು ಕಾಲ ಎಲ್ಲರ ಕಣ್ಣೆದುರಿನಲ್ಲಿದ್ದ ದೋಷವು ಪರೀಕ್ಷಾಕ್ರಮಗಳಿಗೆ ಸಿಕ್ಕದೆ ಉಳಿದುದು ಹೇಗೆ?

ಮೊದಲನೆಯ ಕ್ರಮ ವಾಚನ. ಒಬ್ಬನು ಬರೆದುದನ್ನು ಇತರರು ಪಂಕ್ತಿಪಂಕ್ತಿಯಾಗಿ ಓದುವ ವಿಧಾನಕ್ಕೆ ಐಬಿಎಂ ಸಂಸ್ಥೆಯ ಮೈಕೆಲ್ ಫೇಗನ್ ೧೯೭೬ರಲ್ಲಿ ಶಾಸ್ತ್ರೀಯವಾದ ರೂಪವನ್ನು ಕೊಟ್ಟರು. ಬರೆದವನ ಉದ್ದೇಶವನ್ನು ಗ್ರಹಿಸಿ ಕಾರ್ಯವನ್ನು ಅದಕ್ಕೆ ಹೋಲಿಸಿ ನೋಡುವ ಶಕ್ತಿ ಈ ಕ್ರಮದ ಹೆಗ್ಗಳಿಕೆ. ಆದರೆ ಹಾರ್ಟ್‌ಬ್ಲೀಡ್ ದೋಷವಿದ್ದ ಭಾಗವೂ ಅಂಗೀಕಾರಕ್ಕೆ ಮುಂಚೆ ಮತ್ತೊಬ್ಬರ ಕಣ್ಣಿಗೆ ಬಿದ್ದಿತ್ತು. ಬಳಿಕ ಲೋಕದಲ್ಲಿ ಯಾರು ಬೇಕಾದರೂ ಓದುವಂತೆ ತೆರೆದಿತ್ತು. ಕರಡಚ್ಚು ತಿದ್ದುವವರಿಗೆ ಇದರ ಕಾರಣವು ಅಪರಿಚಿತವಲ್ಲ. ತಪ್ಪಾಗಿ ಬಿದ್ದ ಅಕ್ಷರವು ಕಣ್ಣನ್ನು ತಡೆಯುತ್ತದೆ. ಬಿಟ್ಟುಹೋದ ಅಕ್ಷರವನ್ನು ಕಣ್ಣು ತಾನೇ ತುಂಬಿಕೊಂಡು ಮುಂದೆ ಸಾಗುತ್ತದೆ. ಇಲ್ಲಿ ಇದ್ದುದು ಇಲ್ಲದ ಷರತ್ತಿನ ದೋಷ. ಹಲವರು ಓದಬಹುದು ಎಂಬುದೂ ಹಲವರು ಓದಿದ್ದಾರೆ ಎಂಬುದೂ ಒಂದೇ ಅಲ್ಲವೆಂಬುದನ್ನು ಇದರೊಡನೆ ಸೇರಿಸಿಕೊಳ್ಳಬೇಕು.

ಎರಡನೆಯದು ಸ್ಥಿರವಿಶ್ಲೇಷಣೆ. ಪ್ರೋಗ್ರಾಂ ಅನ್ನು ನಡೆಸದೆ ಅದರ ಪಾಠವನ್ನೇ ಮತ್ತೊಂದು ಪ್ರೋಗ್ರಾಂನಿಂದ ಶೋಧಿಸುವ ಕ್ರಮವಿದು. ಬೆಲ್ ಪ್ರಯೋಗಾಲಯದಲ್ಲಿ ಸ್ಟೀಫನ್ ಜಾನ್ಸನ್ ರಚಿಸಿದ ಲಿಂಟ್ ಇದಕ್ಕೆ ೧೯೭೦ರ ದಶಕದ ಉದಾಹರಣೆ. ಯಂತ್ರಕ್ಕೆ ಆಯಾಸವಿಲ್ಲ. ಆದರೆ ಹೆನ್ರಿ ರೈಸ್ ೧೯೫೩ರಲ್ಲಿ ಪ್ರಕಟಿಸಿದ ಪ್ರಮೇಯದಂತೆ, ಪ್ರೋಗ್ರಾಂಗಳ ನಡತೆಯನ್ನು ಕುರಿತ ಯಾವ ಸಾರವತ್ತಾದ ಪ್ರಶ್ನೆಗೂ ಎಲ್ಲ ಪ್ರೋಗ್ರಾಂಗಳಲ್ಲಿ ತಪ್ಪದೆ ಉತ್ತರ ಕೊಡುವ ಸಾಮಾನ್ಯ ವಿಧಾನವಿರಲಾರದು. ಆದಕಾರಣ ಇಂತಹ ಉಪಕರಣವು ಇಲ್ಲದ ದೋಷವನ್ನು ಆರೋಪಿಸಬೇಕು, ಇಲ್ಲವೇ ಇರುವುದನ್ನು ಬಿಡಬೇಕು, ಅಥವಾ ಕೆಲವೆಡೆ ಉತ್ತರಿಸದೆ ನಿಲ್ಲಬೇಕು. ಪ್ರಸಿದ್ಧ ಉಪಕರಣವಾದ ಕವೆರಿಟಿಯು ಹಾರ್ಟ್‌ಬ್ಲೀಡನ್ನು ಮುಂಚೆ ಹಿಡಿದಿರಲಿಲ್ಲ. ದೋಷವು ಬಯಲಾದ ಮೇಲೆ ಅದರ ಕರ್ತೃಗಳು, ಬೈಟುಗಳ ಕ್ರಮವನ್ನು ಅದಲುಬದಲು ಮಾಡುವ ಕ್ರಿಯೆ ಕಂಡರೆ ಆ ಸಂಖ್ಯೆಯು ಹೊರಗಿನಿಂದ ಬಂದುದೆಂದು ಸಂಶಯಿಸಬೇಕೆಂಬ ಸೂತ್ರವನ್ನು ಸೇರಿಸಿದರು. ಆಗ ದೋಷವು ಕಂಡಿತು. ಉಪಕರಣವು ಶಂಕಿಸಲು ಕಲಿತುದನ್ನು ಮಾತ್ರ ಕಾಣುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮೂರನೆಯದು ಫಜಿಂಗ್. ೧೯೮೮ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಬಾರ್ಟನ್ ಮಿಲ್ಲರ್, ಬಿರುಗಾಳಿಯ ರಾತ್ರಿಯಲ್ಲಿ ದೂರವಾಣಿ ತಂತಿಯ ಗದ್ದಲದಿಂದ ನುಸುಳಿದ ಅಡ್ಡಾದಿಡ್ಡಿ ಅಕ್ಷರಗಳು ಪ್ರೋಗ್ರಾಂಗಳನ್ನು ಕೆಡಹುವುದನ್ನು ಕಂಡು, ಅದನ್ನೇ ವಿದ್ಯಾರ್ಥಿಗಳಿಗೆ ಪ್ರಯೋಗವಾಗಿ ವಿಧಿಸಿದರು. ೧೯೯೦ರಲ್ಲಿ ಪ್ರಕಟವಾದ ಫಲವು ಬೆರಗುಗೊಳಿಸುವಂಥದು: ಯುನಿಕ್ಸ್‌ನ ಸುಮಾರು ೯೦ ಉಪಕರಣಗಳ ಪೈಕಿ, ಆವೃತ್ತಿಗೆ ತಕ್ಕಂತೆ ಕಾಲುಪಾಲಿನಿಂದ ಮೂರನೆಯ ಒಂದು ಪಾಲಿನವರೆಗೆ ಕುಸಿದುವು ಅಥವಾ ಸ್ತಬ್ಧವಾದುವು. ಈ ಕ್ರಮವು ಊಹೆಯನ್ನು ನೆಚ್ಚದೆ ಘಟನೆಯನ್ನೇ ತೋರಿಸುತ್ತದೆ. ಆದರೆ ಹಾರ್ಟ್‌ಬ್ಲೀಡಿನಲ್ಲಿ ಕುಸಿತವೇ ಇರಲಿಲ್ಲ; ಯಂತ್ರವು ಸೌಜನ್ಯದಿಂದ ಉತ್ತರ ಕೊಡುತ್ತಲೇ ಸೋರುತ್ತಿತ್ತು. ಕುಸಿತವನ್ನೇ ದೋಷಲಕ್ಷಣವೆಂದು ಕಾಯುವವನಿಗೆ ಅದು ಕಾಣುವುದೆಂತು? ಸ್ಮೃತಿಕೋಶದ ಎಲ್ಲೆ ಮೀರಿದ ಓದನ್ನು ಒಡನೆಯೇ ಕುಸಿತವಾಗಿ ಮಾರ್ಪಡಿಸುವ ಅಡ್ರೆಸ್‌ಸ್ಯಾನಿಟೈಸರ್ ಎಂಬ ಸಾಧನವನ್ನು ಗೂಗಲ್ ಸಂಶೋಧಕರು ೨೦೧೨ರಲ್ಲಿ ವಿವರಿಸಿದ್ದರು. ೨೦೧೫ರಲ್ಲಿ ಹಾನ್ನೊ ಬ್ಯೋಕ್ ಎಂಬ ಜರ್ಮನ್ ಪತ್ರಕರ್ತರು ಅದನ್ನು ಎಎಫ್‌ಎಲ್ ಎಂಬ ಫಜಿಂಗ್ ಉಪಕರಣದೊಡನೆ ಕೂಡಿಸಿ, ಹಳೆಯ ಆವೃತ್ತಿಯಲ್ಲಿ ಆ ದೋಷವು ಕೆಲವೇ ಗಂಟೆಗಳಲ್ಲಿ ಸಿಕ್ಕುವುದೆಂದು ತೋರಿಸಿದರು. ಗಡಿಗೆ ಮೊದಲೂ ಅಲ್ಲಿಯೇ ಇತ್ತು. ದೀಪ ಬಂದುದು ಬಳಿಕ.

ನಾಲ್ಕನೆಯದು ಗಣಿತಸಾಧನೆ. ೨೦೦೯ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಎಸ್‌ಇಎಲ್‌೪ ಎಂಬ ಕಾರ್ಯನಿರ್ವಾಹಕ ತಿರುಳಿನ ಸುಮಾರು ೮,೭೦೦ ಪಂಕ್ತಿಗಳು ಅದರ ಲಕ್ಷಣವಾಕ್ಯಕ್ಕೆ ಸರಿಯಾಗಿ ನಡೆಯುವುವೆಂದು ಸಾಧಿಸಿದರು. ಸಾಧನೆಯೇ ಸುಮಾರು ಎರಡು ಲಕ್ಷ ಪಂಕ್ತಿಗಳಾಯಿತು. ಅಭಾವವನ್ನು ನೇರವಾಗಿ ಸ್ಥಾಪಿಸುವ ಕ್ರಮವಿದು. ಆದರೂ ಸಾಧನೆಯು ತಾನು ಇಟ್ಟುಕೊಂಡ ಆಧಾರಗಳನ್ನು ಮೀರಲಾರದು. ೨೦೧೮ರ ಜನವರಿಯಲ್ಲಿ ಪ್ರಕಟವಾದ ಸ್ಪೆಕ್ಟರ್, ಸಂಸ್ಕಾರಕಗಳು ತಮ್ಮ ಲಕ್ಷಣದಂತೆಯೇ ನಡೆಯುತ್ತ ಕಾಲದ ವ್ಯತ್ಯಾಸದಿಂದ ಗುಟ್ಟನ್ನು ಬಿಟ್ಟುಕೊಡಬಲ್ಲುವೆಂದು ತೋರಿಸಿತು. ಲಕ್ಷಣದಲ್ಲಿ ಹೇಳದುದನ್ನು ಸಾಧನೆಯು ಕಾಯಲಾರದು.

ಹಾಗಾದರೆ ಪರೀಕ್ಷೆಗಳೆಲ್ಲ ವ್ಯರ್ಥವೇ? ಅಲ್ಲ. ದೋಷವನ್ನು ತೋರಿಸಿಕೊಟ್ಟ ಪರೀಕ್ಷೆಯು, ಆ ದೋಷವು ನಿಜವೆಂದು ಸ್ಥಿರಪಟ್ಟ ಮೇಲೆ, ಪ್ರತ್ಯಕ್ಷದಷ್ಟೇ ಬಲವುಳ್ಳದ್ದು. ವಿಚಾರಕ್ಕೊಳಗಾಗತಕ್ಕದ್ದು ಪರೀಕ್ಷೆಯ ಮೌನ. ಆ ಮೌನದ ಯೋಗ್ಯತೆಯನ್ನು ಅಳೆಯುವ ಉಪಾಯವೂ ಉಂಟು: ಬೇಕೆಂದೇ ದೋಷಗಳನ್ನು ನೆಟ್ಟು, ಉಪಕರಣವು ಎಷ್ಟನ್ನು ಹಿಡಿಯುವುದೆಂದು ನೋಡುವುದು. ೨೦೧೬ರಲ್ಲಿ ಪ್ರಕಟವಾದ ಲಾವಾ ಎಂಬ ವಿಧಾನವು ಈ ಕಾರ್ಯವನ್ನು ಯಂತ್ರಕ್ಕೇ ವಹಿಸಿತು. ನೆಟ್ಟ ದೋಷವು ತಾನಾಗಿ ಹುಟ್ಟಿದ ದೋಷಕ್ಕೆ ಪೂರ್ಣವಾಗಿ ಸಮವಲ್ಲವಾದರೂ, ಬರಿಯ ನಂಬಿಕೆಗಿಂತ ಈ ಅಳತೆ ಮೇಲು.

ದೋಷ ಕಂಡುಬರಲಿಲ್ಲವೆಂದು ಬರೆಯುವ ಪರೀಕ್ಷಕನು ಯಾವ ಬೆಳಕಿನಲ್ಲಿ, ಯಾವ ಮೂಲೆಗಳನ್ನು, ಯಾವ ಲಕ್ಷಣಕ್ಕಾಗಿ ನೋಡಿದೆನೆಂದೂ ಬರೆಯಬೇಕು. ಇಷ್ಟಿಲ್ಲದ ಪ್ರಮಾಣಪತ್ರವನ್ನು ನೆಚ್ಚಿ ತಮ್ಮ ಗುಟ್ಟನ್ನು ಯಂತ್ರಕ್ಕೆ ಒಪ್ಪಿಸುವವರು, ಪ್ರೋಗ್ರಾಂನ ಒಂದು ಪಂಕ್ತಿಯನ್ನೂ ಓದಲಾರದ ಸಾಮಾನ್ಯ ಜನ. ಕತ್ತಲೆಯಲ್ಲಿ ನೋಡಿ ಇಲ್ಲವೆಂದು ಹೇಳಿದ ಮಾತಿನ ನಷ್ಟವನ್ನು ತೆರಬೇಕಾದವರು ಅವರೇ.